ಎರಿ ಹೊಲದಲ್ಲಿ ಒಂದು ಎಕರೆ ಸಾವೆ-ಅಕ್ಕಡಿ (ಸಾಮೆ ಜೊತೆ ಮಿಶ್ರ ಬೆಳೆ) ಹಾಕಬೇಕು ಅಂತಿದ್ದೇವೆ. ಮೊದಲು ಏನು ಮಾಡಬೇಕು?

ಎರಿಹೊಲದಾಕೆ, ರೋಣ ತಾಲ್ಲೂಕು

ಎಲ್ಲರಿಗೂ ನಮಸ್ಕಾರ. ಇಲ್ಲಿ ಸುಮ್ನೆ ಓದಿಕೊಂಡು ಹೋಗುತ್ತಿದ್ದವಳು ನಾನು. ಈಗ ಕೇಳಲೇಬೇಕಾದ ವಿಷಯ ಬಂದಿದೆ, ಅದಕ್ಕೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು.

ನಮ್ಮದು ನಾಲ್ಕು ಎಕರೆ ಎರಿ ಹೊಲ, ಅಂದರೆ ಕಪ್ಪು ಮಣ್ಣು. ಬೋರ್ ಇಲ್ಲ, ಕಾಲುವೆ ಇಲ್ಲ, ಮಳೆ ಬಂದರೆ ಬೆಳೆ. ಪಹಣಿ ಮಾವನ ಹೆಸರಲ್ಲಿದೆ. ನಮ್ಮ ಯಜಮಾನರು ಹುಬ್ಬಳ್ಳಿಯಲ್ಲಿ ಗಾಡಿ ಓಡಿಸುತ್ತಾರೆ, ವಾರಕ್ಕೊಮ್ಮೆ ಊರಿಗೆ ಬರುತ್ತಾರೆ. ಬಿತ್ತುವುದರಿಂದ ಹಿಡಿದು ರಾಶಿ ಮಾಡುವವರೆಗೆ ಹೊಲದಲ್ಲಿ ಇರುವವರು ನಾನು ಮತ್ತು ನಮ್ಮ ಅತ್ತೆ. ಆದರೆ ಏನು ಬಿತ್ತಬೇಕು ಅನ್ನುವುದನ್ನು ಮಾವ ಮತ್ತು ಗೊಬ್ಬರದ ಅಂಗಡಿಯವರು ಮಾತಾಡಿ ಮುಗಿಸಿರುತ್ತಾರೆ. ನಮಗೆ ಗೊತ್ತಾಗುವುದು ಬೀಜದ ಚೀಲ ಮನೆಗೆ ಬಂದಾಗ.

ಮುಂಗಾರಿಗೆ ಹೆಸರುಕಾಳು, ಹಿಂಗಾರಿಗೆ ಕಡಲೆ. ಇದೇ ನಡೆದುಕೊಂಡು ಬಂದಿದೆ. 2023ರಲ್ಲಿ ಆಗಸ್ಟ್ ತಿಂಗಳೆಲ್ಲ ಒಣಗಿ ಹೆಸರು ಮೇಲೇಳಲಿಲ್ಲ. ಆ ವರ್ಷ ರಾಜ್ಯದ 223 ತಾಲ್ಲೂಕುಗಳು ಬರಪೀಡಿತ ಅಂತ ಸರಕಾರ ಘೋಷಿಸಿತ್ತಲ್ಲ, ನಿಮಗೂ ನೆನಪಿರಬೇಕು. ಕಳೆದ ವರ್ಷ ಉಲ್ಟಾ ಆಯಿತು. ಕಾಯಿ ಕಪ್ಪಾಗಿ ಇನ್ನೇನು ಬಿಡಿಸಬೇಕು ಅನ್ನುವಾಗ ಹಿಡಿದ ಮಳೆ ಬಿಡಲೇ ಇಲ್ಲ. ಗಿಡದಲ್ಲೇ, ಕಾಯಿಯೊಳಗೇ ಕಾಳು ಮೊಳಕೆ ಒಡೆಯಿತು. ಒಂದು ವರ್ಷ ನೀರಿಲ್ಲದೆ ಹೋಯಿತು, ಇನ್ನೊಂದು ವರ್ಷ ನೀರಿನಿಂದ ಹೋಯಿತು. ಸಾಲ ಮಾತ್ರ ಎರಡೂ ವರ್ಷ ಒಂದೇ ಥರ ಬೆಳೆಯಿತು.

ಅತ್ತೆ ಹೇಳುತ್ತಾರೆ, ಅವರು ಮದುವೆಯಾಗಿ ಬಂದಾಗ ಇದೇ ಹೊಲದಲ್ಲಿ ಸಾವೆ, ನವಣೆ, ನಡುನಡುವೆ ತೊಗರಿ, ಮಡಿಕೆಕಾಳು, ಅಲಸಂದಿ, ಬದುವಿನ ಮೇಲೆ ಪುಂಡಿಸೊಪ್ಪು ಎಲ್ಲ ಇತ್ತಂತೆ. ಒಂದು ಹೋದರೆ ಇನ್ನೊಂದು ಕೈಗೆ ಬರುತ್ತಿತ್ತು ಅನ್ನುತ್ತಾರೆ. ನಮ್ಮ ಸ್ವಸಹಾಯ ಸಂಘದಲ್ಲಿ ಈ ಮಾತು ಎತ್ತಿದೆ. ಕೆಲವರು ತಮ್ಮ ತಮ್ಮ ಹೊಲದಲ್ಲಿ ಒಂದೊಂದು ಎಕರೆ ಹಾಗೆ ಮಾಡೋಣ ಅಂತ ಮುಂದೆ ಬಂದಿದ್ದಾರೆ. ರಾಸಾಯನಿಕ ಗೊಬ್ಬರ, ಹೊಡೆಯುವ ಎಣ್ಣೆ (ಕೀಟನಾಶಕ) ಯಾವುದೂ ಬೇಡ ಅಂತಲೂ ಮಾತಾಗಿದೆ.

ಮಾವ ನಕ್ಕರು. ‘ಸಾವೆ ಹಾಕಿ ಗುಬ್ಬಿಗೆ ಹಾಕುತ್ತೀಯಾ’ ಅಂದರು. ಯಜಮಾನರು ಬೇಡ ಅನ್ನುವುದಿಲ್ಲ, ಹೂಂ ಅಂತಲೂ ಅನ್ನುವುದಿಲ್ಲ.

ಬೀಜ ಎಲ್ಲಿ ಸಿಗುತ್ತದೆ, ಎಷ್ಟು ಸಾಲಿಗೆ ಏನು ಹಾಕಬೇಕು, ಸಗಣಿ-ಗಂಜಲದ ಜೀವಾಮೃತ ಮಾಡಲೇಬೇಕಾ, ಮಾರುವುದು ಎಲ್ಲಿ? ಜೂನ್‌ನ ಮೃಗಶಿರಾ ಮಳೆಗೆ ಬಿತ್ತಬೇಕು ಅಂತ ಆಸೆ. ಮಾಡಿದವರು ಯಾರಾದರೂ ಇದ್ದರೆ ಹೇಳಿ. ಯೂಟ್ಯೂಬ್ ನೋಡಿ ಸಾಕಾಗಿದೆ. ಅಲ್ಲಿ ಎಲ್ಲರ ಹೊಲವೂ ಹಸಿರಾಗಿಯೇ ಇರುತ್ತದೆ.

---

ಗೋವಿನಜೋಳ, ಹಾವೇರಿ

ಅಕ್ಕ, ಬೇಜಾರು ಮಾಡಿಕೊಳ್ಳಬೇಡಿ, ನಾನು ಸ್ವಲ್ಪ ಕಹಿಯಾಗಿಯೇ ಹೇಳುತ್ತೇನೆ. ನಾನೂ ಹೆಣ್ಣುಮಗಳು, ನಾನೂ ಹೊಲ ಮಾಡುವವಳು.

ನಮ್ಮೂರಲ್ಲಿ ಒಂದು ಸಂಸ್ಥೆಯವರು ಬಂದು ಸಾವಯವ ಗುಂಪು ಕಟ್ಟಿದರು. ಗುಂಡಿ ತೋಡಿದವರು ನಾವು, ಸಗಣಿ ಹೊತ್ತವರು ನಾವು, ಬೇವಿನ ಬೀಜ ಆರಿಸಿ ಕುಟ್ಟಿದವರು ನಾವು. ಕಳೆನಾಶಕ ಬೇಡ ಅಂದ ಮೇಲೆ ಬಗ್ಗಿ ಕಸ ತೆಗೆದವರೂ ನಾವೇ. ಪ್ರಮಾಣಪತ್ರ ಬಂದಾಗ ಅದರಲ್ಲಿ ಇದ್ದದ್ದು ಮನೆ ಗಂಡಸರ ಹೆಸರು, ಯಾಕೆಂದರೆ ಪಹಣಿ ಅವರದು. ಫೋಟೋಗೆ ಮಾತ್ರ ನಮ್ಮನ್ನು ಮುಂದೆ ನಿಲ್ಲಿಸಿದರು. ಸೀರೆ ಚೆನ್ನಾಗಿ ಕಾಣುತ್ತದಲ್ಲ.

ಗೋವಿನಜೋಳ (ಮೆಕ್ಕೆಜೋಳ) ಕೆಟ್ಟದ್ದು ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ಆದರೆ ಅದಕ್ಕೆ ಮಷೀನು ಬರುತ್ತದೆ, ವ್ಯಾಪಾರಿ ಮನೆ ಬಾಗಿಲಿಗೆ ಬರುತ್ತಾನೆ, ನನ್ನ ಸೊಂಟ ಉಳಿಯುತ್ತದೆ. ಸಾವೆ ಹಾಕುವ ಮುಂಚೆ ಕೆಲಸ ಯಾರ ಮೇಲೆ ಬೀಳುತ್ತದೆ, ದುಡ್ಡು ಯಾರ ಖಾತೆಗೆ ಹೋಗುತ್ತದೆ ಅಂತ ಕೇಳಿ. ಉತ್ತರ ಸಿಗದಿದ್ದರೆ ಹೆಸರುಕಾಳೇ ಹಾಕಿ.

---

ಸಾವೆಅಕ್ಕಿ, ಕುಂದಗೋಳ ತಾಲ್ಲೂಕು

ಹಾವೇರಿಯ ಅಕ್ಕ ಹೇಳಿದ್ದು ನಿಜ. ಅದೇ ಕಾರಣಕ್ಕೆ ನಾನು ಬೀಜದಿಂದ ಶುರು ಮಾಡುವುದಿಲ್ಲ, ಗಿರಣಿಯಿಂದ ಶುರು ಮಾಡುತ್ತೇನೆ.

ಸಾವೆ ಬೆಳೆಯುವುದು ಸುಲಭ, ಅದನ್ನು ಅಕ್ಕಿ ಮಾಡುವುದು ಕಷ್ಟ. ನಮ್ಮ ಮನೆಯಲ್ಲಿ ಸಾವೆ ಬಿಟ್ಟದ್ದು ಅಪ್ಪ ಅಲ್ಲ, ಅವ್ವ. ಬೆಳಗಿನ ಜಾವ ಎದ್ದು ಒರಳಲ್ಲಿ ಹಾಕಿ ಕುಟ್ಟಬೇಕು, ಕೇರಬೇಕು, ಮತ್ತೆ ಕುಟ್ಟಬೇಕು. ಅಷ್ಟು ಮಾಡಿದರೂ ಒಂದು ಹೊತ್ತಿನ ಅನ್ನ. ರೇಷನ್ ಅಕ್ಕಿ ಬಂತು ನೋಡಿ, ಒನಕೆ ಮೂಲೆ ಸೇರಿತು. ಅವ್ವನಿಗೆ ಅದರಿಂದ ಸುಖವೇ ಆಯಿತು, ಸುಳ್ಳು ಯಾಕೆ ಹೇಳಲಿ. ಸಿರಿಧಾನ್ಯದ ಬಗ್ಗೆ ಭಾಷಣ ಮಾಡುವವರು ಇದನ್ನು ಹೇಳುವುದೇ ಇಲ್ಲ. ನಮ್ಮ ಅಜ್ಜಿಯರು ಗಟ್ಟಿ ಇದ್ದರು ಅನ್ನುತ್ತಾರೆ ಅಷ್ಟೆ. ಗಟ್ಟಿ ಇರದೆ ಏನು ಮಾಡುತ್ತಾರೆ?

ಜೋಳ, ಸಜ್ಜೆ, ರಾಗಿ ಆದರೆ ನೇರ ಹಿಟ್ಟಿನ ಗಿರಣಿಗೆ ಹಾಕಬಹುದು. ಸಾವೆ, ನವಣೆ, ಬರಗು, ಊದಲು, ಕೊರಲೆ, ಹಾರಕ ಹಾಗಲ್ಲ. ಇವಕ್ಕೆ ಸಿಪ್ಪೆ ತೆಗೆಯುವ ಬೇರೆ ಮಷೀನೇ ಬೇಕು. ಅದರಲ್ಲೂ ಹಾರಕ ಬಹಳ ಹಟಮಾರಿ, ಮೊದಲ ವರ್ಷ ಅದರ ತಂಟೆಗೆ ಹೋಗಬೇಡಿ. ಆದ್ದರಿಂದ ನಿಮ್ಮ ಊರಿಂದ ಟಂಟಂನಲ್ಲಿ ಹೋಗಿ ಬರುವಷ್ಟು ದೂರದಲ್ಲಿ ಸಿರಿಧಾನ್ಯದ ಗಿರಣಿ ಎಲ್ಲಿದೆ ಅಂತ ಈಗಲೇ ಹುಡುಕಿ. ಇಲ್ಲದಿದ್ದರೆ ಬೆಳೆದ ಕಾಳನ್ನು ಸಿಪ್ಪೆ ಸಮೇತ ವ್ಯಾಪಾರಿಗೆ ಕೊಡಬೇಕಾಗುತ್ತದೆ, ಅವನು ಹೇಳಿದ್ದೇ ರೇಟು. ರಾಗಿ, ಜೋಳ, ಸಜ್ಜೆಗೆ ಕೇಂದ್ರದ ಬೆಂಬಲ ಬೆಲೆ ಇದೆ. ಸಾವೆ, ನವಣೆಗೆ ಅದೂ ಇಲ್ಲ.

ಒಂದು ಕ್ವಿಂಟಲ್ ಸಾವೆ ಹಾಕಿದರೆ ನಮಗೆ 60ರಿಂದ 65 ಕೆಜಿ ಅಕ್ಕಿ ಸಿಗುತ್ತದೆ. ಎಲ್ಲವನ್ನೂ ಒಮ್ಮೆಲೇ ಅಕ್ಕಿ ಮಾಡಿಸಬೇಡಿ. ಸಿಪ್ಪೆ ಇದ್ದರೆ ವರ್ಷಗಟ್ಟಲೆ ಇಟ್ಟರೂ ಕೆಡುವುದಿಲ್ಲ. ಸಿಪ್ಪೆ ತೆಗೆದ ಮೇಲೆ ತೌಡಿನ ಎಣ್ಣೆಯಂಶದಿಂದ ಕೆಲವೇ ತಿಂಗಳಲ್ಲಿ ಮುಗ್ಗು ವಾಸನೆ, ಕಹಿ ಬರುತ್ತದೆ. ಪಟ್ಟಣದ ಗಿರಾಕಿ ಒಮ್ಮೆ ಅಂಥದ್ದು ತಿಂದರೆ ಮತ್ತೆ ಕೇಳುವುದಿಲ್ಲ. ಆರ್ಡರ್ ಬಂದಷ್ಟು ಮಾತ್ರ ಮಾಡಿಸಿ.

ಮಾಡಿದವರು ಇದ್ದರೆ ಹೇಳಿ ಅಂದಿರಿ. ನಮ್ಮ ತಾಲ್ಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಸರು ಕೇಳಿರಬೇಕು. 2018ರಲ್ಲಿ 15 ಹೆಣ್ಣುಮಕ್ಕಳು ಸೇರಿ ಶುರು ಮಾಡಿದ್ದು. ಬೀಜ ಬ್ಯಾಂಕು, ಮಿಶ್ರ ಬೆಳೆ, ಸಿರಿಧಾನ್ಯ ಸಂಸ್ಕರಣೆ ಮೂರೂ ಅವರ ಕೈಯಲ್ಲಿದೆ. ಸಹಜ ಸಮೃದ್ಧ ಅನ್ನುವ ಸಾವಯವ ಕೃಷಿಯ ಸಂಸ್ಥೆ ಬೆನ್ನಿಗೆ ನಿಂತಿತು. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಕೊಡುವ ಈಕ್ವೇಟರ್ ಪ್ರಶಸ್ತಿ ಅವರಿಗೆ ಬಂತು. ಪ್ರಶಸ್ತಿ ದೊಡ್ಡದೇ. ಆದರೆ ನಾನು ನೋಡುವುದು ಬೇರೆ: ಬೀಜ ಮತ್ತು ಗಿರಣಿ ಎರಡೂ ಹೆಣ್ಣುಮಕ್ಕಳ ಹತ್ತಿರವೇ ಇವೆ. ಹೊಲದ ಪಹಣಿ ಯಾರದೇ ಇರಲಿ, ಬಿತ್ತುವ ಮುಂಚೆ ಮತ್ತು ರಾಶಿ ಆದ ಮೇಲೆ ಇವರ ಹತ್ತಿರ ಬರಲೇಬೇಕು. ನಿಮ್ಮ ಮಾವ ಗೊಬ್ಬರದ ಅಂಗಡಿಗೆ ಹೋಗುತ್ತಾರಲ್ಲ, ಆ ಜಾಗದಲ್ಲಿ ನಿಮ್ಮ ಸಂಘ ಕೂರಬೇಕು.

ಈಗ ಹೊಲದ ಮಾತು. ಚೆಲ್ಲಿ ಬಿತ್ತಬೇಡಿ. ಕೂರಿಗೆಯಲ್ಲಿ ಸಾಲು ಹಿಡಿದು ಬಿತ್ತಿಸಿ, ಎಕರೆಗೆ 3ರಿಂದ 4 ಕೆಜಿ ಸಾವೆ ಸಾಕು. ಸಾಲು ನೇರ ಇದ್ದರೆ ಎರಡು ಸಲ ಎಡೆಕುಂಟೆ ಹೊಡೆಯಬಹುದು, ಕೈಯಿಂದ ಕಸ ತೆಗೆಯುವುದು ಅರ್ಧಕ್ಕೆ ಇಳಿಯುತ್ತದೆ. ಎತ್ತು ಇಲ್ಲದವರು ಸೈಕಲ್ ಎಡೆಕುಂಟೆ ತಗೊಳ್ಳಿ, ಸಂಘಕ್ಕೆ ಎರಡು ಇದ್ದರೆ ನಡೆಯುತ್ತದೆ. ಆರು ಸಾಲು ಸಾವೆ ಆದ ಮೇಲೆ ಒಂದು ಸಾಲು ತೊಗರಿ. ತೊಗರಿ ಸಾಲಿನಲ್ಲೇ ನಡುನಡುವೆ ಅಲಸಂದಿ, ಮಡಿಕೆ. ಬದುವಿಗೆ ಪುಂಡಿ, ಔಡಲ. ಸಾವೆ ಬೇರು ಮೇಲೇ ಇರುತ್ತದೆ, ಬೇಗ ಕೊಯ್ಲಿಗೆ ಬರುತ್ತದೆ. ತೊಗರಿ ಬೇರು ಆಳಕ್ಕೆ ಹೋಗುತ್ತದೆ. ಸಾವೆ ಕೊಯ್ದ ಮೇಲೆ ಅದಕ್ಕೆ ಬಿಸಿಲು, ಜಾಗ ಎರಡೂ ಸಿಗುತ್ತದೆ. ಹಸ್ತ, ಚಿತ್ತಿ ಮಳೆ ಬಂದರೆ ಅದರ ಪಾಲಿಗೆ. ಹಾಗಂತ ಸಾವೆಗೆ ಮಳೆ ಏನೂ ಮಾಡುವುದಿಲ್ಲ ಅಂತ ತಿಳಿಯಬೇಡಿ. ಕೊಯ್ಲಿನ ಹೊತ್ತಿಗೆ ಜೋರು ಮಳೆ ಬಂದರೆ ಅದೂ ಮಲಗುತ್ತದೆ. ಆದರೆ ನಿಮ್ಮ ಹೆಸರುಕಾಳಿನ ಥರ ಇಡೀ ಹೊಲ ಒಂದೇ ವಾರದ ಮಳೆಯ ಕೈಗೆ ಸಿಕ್ಕಿಕೊಳ್ಳುವುದಿಲ್ಲ.

ಗುಬ್ಬಿ ಬಗ್ಗೆ ನಿಮ್ಮ ಮಾವ ಹೇಳಿದ್ದು ಸರಿ! ಊರಿಗೆಲ್ಲ ಒಂದೇ ಎಕರೆ ಸಾವೆ ಇದ್ದರೆ ಊರ ಹಕ್ಕಿ ಎಲ್ಲ ಅಲ್ಲೇ ಇಳಿಯುತ್ತವೆ. ಸಂಘದವರು ಬೇರೆ ಬೇರೆ ದಿಕ್ಕಿನಲ್ಲಿ ಹಾಕುವ ಬದಲು ಒಂದಕ್ಕೊಂದು ಹತ್ತಿದ ಹೊಲಗಳನ್ನು ಆರಿಸಿ, ಒಂದೇ ವಾರದಲ್ಲಿ ಬಿತ್ತಿ. ಹಕ್ಕಿ ತಿನ್ನುವುದು ಹಂಚಿಹೋಗುತ್ತದೆ, ಕಾಯುವ ಸರದಿಯೂ ಹಂಚಿಹೋಗುತ್ತದೆ.

ಜೀವಾಮೃತ ಮಾಡಲೇಬೇಕಾ ಅಂತ ಕೇಳಿದ್ದೀರಿ. ಒಂದು ಎಕರೆಗೆ 200 ಲೀಟರ್. 10 ಕೆಜಿ ಸಗಣಿ, ಗಂಜಲ, ಬೆಲ್ಲ, ದ್ವಿದಳ ಧಾನ್ಯದ ಹಿಟ್ಟು. ಒಳ್ಳೆಯದೇ. ಆದರೆ ಬೋರ್ ಇಲ್ಲದ ಹೊಲಕ್ಕೆ ಆ 200 ಲೀಟರ್ ಯಾರು ಹೊರುತ್ತಾರೆ? ನೀವೇ ಅಲ್ವಾ. ಮೊದಲ ವರ್ಷ ಬಿಟ್ಟುಬಿಡಿ. ಬೇಸಿಗೆಯಲ್ಲಿ ಕುರಿಗಾರರು ನಿಮ್ಮ ಕಡೆ ಬರುತ್ತಾರಲ್ಲ, ಗೊಬ್ಬರಕ್ಕೆ ಎರಡು ರಾತ್ರಿ ಹೊಲದಲ್ಲಿ ಕುರಿ ನಿಲ್ಲಿಸಿ. ಬಿತ್ತುವ ಮುಂಚೆ ಬೀಜಕ್ಕೆ ಸಗಣಿ-ಗಂಜಲದ ಬೀಜಾಮೃತ ಸವರಿದರೆ ಸಾಕು, ಅದು ಒಂದು ಬುಟ್ಟಿಯ ಕೆಲಸ.

ಮಾವನ ಹತ್ತಿರ ನಾಲ್ಕು ಎಕರೆ ಕೇಳಬೇಡಿ, ಒಂದು ಕೇಳಿ. ಉಳಿದ ಮೂರಲ್ಲಿ ಅವರು ಹೆಸರು ಹಾಕಲಿ. ಎರಡರ ಖರ್ಚನ್ನೂ ಒಂದೇ ವಹಿಯಲ್ಲಿ ಬರೆಯಿರಿ. ಅತ್ತೆ ಮತ್ತು ನಿಮ್ಮ ಕೂಲಿಯನ್ನೂ ಬರೆಯಿರಿ, ಅದನ್ನು ಯಾರೂ ಬರೆಯುವುದಿಲ್ಲ.

---

ನಿವೃತ್ತ ಸಹಾಯಕ ಕೃಷಿ ಅಧಿಕಾರಿ

ಒಳ್ಳೆಯ ಚರ್ಚೆ. ಕಾಗದ ಪತ್ರದ ಕೆಲವು ವಿಷಯ ಸೇರಿಸುತ್ತೇನೆ.

ರೈತ ಸಿರಿ ಅಂತ 2019-20ರಲ್ಲಿ ಶುರುವಾದ ಯೋಜನೆ ಇದೆ, ಕಿರು ಸಿರಿಧಾನ್ಯ ಬೆಳೆದರೆ ಹೆಕ್ಟೇರಿಗೆ 10,000 ರೂಪಾಯಿ ಪ್ರೋತ್ಸಾಹಧನ. ಈ ಸಲ ನಿಮ್ಮ ಹೋಬಳಿಗೆ ಎಷ್ಟು ಗುರಿ ಬಂದಿದೆ ಅಂತ ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ದುಡ್ಡು ಬರುವುದು ಫ್ರೂಟ್ಸ್ ಐಡಿ (ಸರಕಾರದ ರೈತ ನೋಂದಣಿ ಸಂಖ್ಯೆ) ಇದ್ದವರ ಖಾತೆಗೆ. ಅಂದರೆ ನಿಮ್ಮ ಮಾವನ ಖಾತೆಗೆ. ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳಿ.

ಬೆಳೆ ಸಮೀಕ್ಷೆ ಆ್ಯಪ್‌ನಲ್ಲಿ ಆ ಒಂದು ಎಕರೆಯನ್ನು ಮಿಶ್ರ ಬೆಳೆ ಅಂತಲೇ ದಾಖಲಿಸಿ. ಫೋಟೋ ನೀವೇ ತೆಗೆದು ಹಾಕಬಹುದು. ಇಡೀ ಸರ್ವೆ ನಂಬರಿಗೆ ‘ಹೆಸರು’ ಅಂತ ಬಿದ್ದುಹೋದರೆ ಪರಿಹಾರ, ವಿಮೆ, ಪ್ರೋತ್ಸಾಹಧನ ಎಲ್ಲದಕ್ಕೂ ತೊಡಕು. ಕಚೇರಿಗೆ ಅಲೆಯುವವರಲ್ಲಿ ಬಹಳ ಜನರ ಕಥೆ ಇದೇ.

ಗಿರಣಿಗೆ ಪಿಎಂಎಫ್‌ಎಂಇ ನೋಡಿ. ಅದು ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ ಕೇಂದ್ರ ತಂದ ಯೋಜನೆ, ಈಗಲೂ ಅರ್ಜಿ ತಗೊಳ್ಳುತ್ತಾರಾ ಕೇಳಿ. ಅದರಲ್ಲಿ ಶೇ 35 ಸಹಾಯಧನ, ನಮ್ಮ ರಾಜ್ಯ ಅದಕ್ಕೆ ಶೇ 15 ಸೇರಿಸುತ್ತದೆ. ಸ್ವಸಹಾಯ ಸಂಘದ ಸದಸ್ಯರಿಗೆ ತಲಾ 40,000 ರೂಪಾಯಿವರೆಗೆ ಬೀಜ ಬಂಡವಾಳದ, ಅಂದರೆ ಕೆಲಸ ಶುರು ಮಾಡುವ ದುಡ್ಡಿನ, ಅವಕಾಶವೂ ಇದೆ. ಇದಕ್ಕೆ ಪಹಣಿ ಬೇಡ, ಸಂಘದ ಪುಸ್ತಕ ಸರಿ ಇರಬೇಕು. ಹೊಲದ ಯೋಜನೆಗಳಿಗಿಂತ ಹೆಣ್ಣುಮಕ್ಕಳಿಗೆ ಇದು ಹತ್ತಿರದ ದಾರಿ ಅಂತ ನನ್ನ ಅನಿಸಿಕೆ.

ಸಂಘದಿಂದ ಬೇರೆಯವರ ಹೊಲ ಲಾವಣಿಗೆ (ಗೇಣಿಗೆ) ಹಿಡಿಯುವ ವಿಚಾರ ಇದ್ದರೆ ಎಚ್ಚರ. ನಮ್ಮ ಭೂ ಸುಧಾರಣಾ ಕಾಯ್ದೆಯಲ್ಲಿ ಕೃಷಿ ಜಮೀನು ಗೇಣಿಗೆ ಕೊಡುವುದಕ್ಕೇ ನಿಷೇಧವಿದೆ, ಸೈನಿಕರಂಥ ಕೆಲವರಿಗೆ ಮಾತ್ರ ವಿನಾಯಿತಿ. ಹಾಗಾಗಿ ಎಲ್ಲವೂ ಬಾಯಿಮಾತು. ಬಾಯಿಮಾತಿಗೆ ವಿಮೆ, ಬ್ಯಾಂಕ್ ಸಾಲ ಸಿಗುವುದು ಕಷ್ಟ.

ಇನ್ನೊಂದು. 2015-16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿದಾರರಲ್ಲಿ ಹೆಣ್ಣುಮಕ್ಕಳು ಶೇ 14ರಷ್ಟು. ಹೊಲದಲ್ಲಿ ನಿಂತು ನೋಡಿದರೆ ಈ ಲೆಕ್ಕ ಯಾರೂ ನಂಬುವುದಿಲ್ಲ. ಪಹಣಿ ಇಲ್ಲದಿದ್ದರೂ ಹೊಲ ಮಾಡುವ ಹೆಣ್ಣುಮಗಳನ್ನು ರೈತಳು ಅಂತ ಗುರುತಿಸಬೇಕು ಅಂತ ಕೃಷಿ ವಿಜ್ಞಾನಿ ಎಂ.ಎಸ್. ಸ್ವಾಮಿನಾಥನ್ ಅವರು ರಾಜ್ಯಸಭೆಯಲ್ಲಿ ಖಾಸಗಿ ಮಸೂದೆ ತಂದಿದ್ದರು. ಅದು ಕಾಯ್ದೆ ಆಗಲಿಲ್ಲ. ಈಗ ವಿಶ್ವಸಂಸ್ಥೆ 2026ನ್ನು ಅಂತರರಾಷ್ಟ್ರೀಯ ರೈತ ಮಹಿಳೆಯರ ವರ್ಷ ಅಂತ ಘೋಷಿಸಿದೆ. ಬ್ಯಾನರ್ ಬರುತ್ತವೆ, ಬರಲಿ. ನೀವು ಆ ಒಂದು ಎಕರೆಯನ್ನಾದರೂ ದಾನಪತ್ರವೋ ವಿಭಾಗಪತ್ರವೋ ಮಾಡಿಸಿ ಹೆಣ್ಣುಮಕ್ಕಳ ಹೆಸರಿಗೆ ಮಾಡಿಸಿಕೊಳ್ಳಲು ಆಗುತ್ತದಾ ನೋಡಿ. ಈ ವರ್ಷವೇ ಅಂತಲ್ಲ.

---

ಬೀದರ್ ಹುಡುಗ

ನಮ್ಮೂರಿಂದ ಜಹೀರಾಬಾದ್ ಹತ್ತಿರ. ಗಡಿ ದಾಟಿದರೆ ತೆಲಂಗಾಣ. ಅಲ್ಲಿ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಅಂತ 1983ರಿಂದ ಇದೆ. ಬಹುಪಾಲು ದಲಿತ ಹೆಣ್ಣುಮಕ್ಕಳ ಸಂಘಗಳು. ಅವರು ಶುರು ಮಾಡಿದ್ದು ಒಳ್ಳೆ ಹೊಲದಲ್ಲಿ ಅಲ್ಲ, ಬೀಳುಬಿದ್ದ ಹೊಲದಲ್ಲಿ. ಸರಕಾರದಿಂದ ಬಂದ, ಕಲ್ಲು ತುಂಬಿದ, ಯಾರಿಗೂ ಬೇಡದ ಜಮೀನು. ಅದನ್ನೇ ಹದ ಮಾಡಿ ಹಲವು ಥರದ ಬೆಳೆ ಒಟ್ಟಿಗೆ ಹಾಕಿದರು.

ನನಗೆ ಬಹಳ ಹಿಡಿಸಿದ್ದು ಅವರ ಜಾತ್ರೆ. ಸಂಕ್ರಾಂತಿ ಹೊತ್ತಿಗೆ ಎತ್ತಿನ ಗಾಡಿಗಳಲ್ಲಿ ಬೀಜದ ಗಡಿಗೆಗಳನ್ನು ಇಟ್ಟುಕೊಂಡು ಊರಿಂದ ಊರಿಗೆ ಹೋಗುತ್ತಾರೆ. 2008ರಿಂದ ಅವರದೇ ಸಂಘಂ ರೇಡಿಯೋ ಕೂಡ ಇದೆ, ನಡೆಸುವವರು ಅದೇ ಹೆಣ್ಣುಮಕ್ಕಳು. ಪ್ರಮಾಣಪತ್ರದ ವಿಷಯ ಹಾವೇರಿ ಅಕ್ಕ ಎತ್ತಿದರಲ್ಲ, ಅಲ್ಲಿ ಒಬ್ಬರ ಹೊಲವನ್ನು ಇನ್ನೊಬ್ಬರು ನೋಡಿ ಖಾತ್ರಿ ಕೊಡುವ ಪದ್ಧತಿ ಇದೆ. ಹೊರಗಿನ ಇನ್‌ಸ್ಪೆಕ್ಟರಿಗೆ ದುಡ್ಡು ಕೊಡಬೇಕಾಗಿಲ್ಲ. ಅವರಿಗೂ 2019ರಲ್ಲಿ ಈಕ್ವೇಟರ್ ಪ್ರಶಸ್ತಿ ಬಂದಿತ್ತು. ಸಾಧ್ಯವಾದರೆ ಸಂಘದವರೆಲ್ಲ ಹೋಗಿ ನೋಡಿ. ಭಾಷೆ ತೆಲುಗು, ಆದರೂ ಬೀಜದ ಹೆಸರುಗಳು ಅರ್ಥ ಆಗುತ್ತವೆ.

---

ಎರಿಹೊಲದಾಕೆ, ರೋಣ ತಾಲ್ಲೂಕು

ಎಲ್ಲರಿಗೂ ದೊಡ್ಡ ಥ್ಯಾಂಕ್ಸ್. ಅತ್ತೆಗೆ ಎಲ್ಲ ಓದಿ ಹೇಳಿದೆ. ಕುಟ್ಟುವ ವಿಷಯ ಬಂದಾಗ ‘ಹೌದವ್ವ, ಅದಕ್ಕೇ ಬಿಟ್ಟದ್ದು’ ಅಂದರು. ಇಷ್ಟು ದಿನ ನನಗೆ ಆ ಕಾಲದ ಚಂದವನ್ನಷ್ಟೇ ಹೇಳಿದ್ದರು.

ಹಾವೇರಿ ಅಕ್ಕ, ನಿಮ್ಮ ಪ್ರಶ್ನೆಯನ್ನು ಸಂಘದಲ್ಲಿ ಇಟ್ಟೆ. ಸ್ವಲ್ಪ ಜಗಳವೂ ಆಯಿತು. ಕೊನೆಗೆ ಹೀಗೆ ಮಾತಾಗಿದೆ: ಕಾಳು ಮನೆಗೆ ಹೋಗುವುದಿಲ್ಲ, ರಾಶಿಯಿಂದ ನೇರ ಸಂಘದ ಕೋಣೆಗೆ. ಅಕ್ಕಿ ಮಾರಿದ ದುಡ್ಡು ಸಂಘದ ಖಾತೆಗೆ ಬಂದು ಅಲ್ಲಿಂದ ಸದಸ್ಯೆಯ ಖಾತೆಗೆ. ಊಟಕ್ಕೆ ಬೇಕಾದಷ್ಟು ಮೊದಲೇ ತೆಗೆದಿಡುವುದು. ಇಬ್ಬರು ಮನೆಯಲ್ಲಿ ಒಪ್ಪುವುದಿಲ್ಲ ಅಂತ ಹಿಂದೆ ಸರಿದರು. ಅವರನ್ನು ದೂರುವುದಿಲ್ಲ.

ಮಾವ ಒಂದು ಎಕರೆ ಬಿಟ್ಟುಕೊಟ್ಟರು. ಹಳ್ಳದ ಕಡೆ, ನೀರು ನಿಲ್ಲುವ ತುಂಡು! ಅಲ್ಲಿ ಸಾವೆ ಆಗುತ್ತದಾ? ಬೀಜ ಮತ್ತು ಗಿರಣಿ ಎರಡಕ್ಕೂ ನಿಮ್ಮ ಕಡೆ ಬರಬೇಕಾಗುತ್ತದೆ ಅನಿಸುತ್ತದೆ, ಇಲ್ಲಿ ಹತ್ತಿರ ಸಿಗಲಿಲ್ಲ.

---

ಸಾವೆಅಕ್ಕಿ, ಕುಂದಗೋಳ ತಾಲ್ಲೂಕು

ನೀರು ನಿಲ್ಲುವ ತುಂಡಿನಲ್ಲಿ ತೊಗರಿ ಹಾಕಬೇಡಿ, ಬೇರು ಕೊಳೆತು ಸಿಡಿ ಹೋಗುತ್ತದೆ, ಗಿಡ ನಿಂತಲ್ಲೇ ಒಣಗುತ್ತದೆ. ಮಾವನ ಹತ್ತಿರ ಮತ್ತೊಮ್ಮೆ ಕೂತು ಮೇಲಿನ ತುಂಡು ಕೇಳಿ. ಕೊಡದಿದ್ದರೆ ಇಳಿಜಾರಿಗೆ ಅಡ್ಡ ಬಿತ್ತಿ, ನಡುನಡುವೆ ನೀರು ಹೊರಗೆ ಹೋಗುವ ಹಾಗೆ ಗಳೆಯಿಂದ ಹರಿ ಬಿಡಿಸಿ. ತೊಗರಿ ಬದಲು ಪುಂಡಿ ಸಾಲು ಹಾಕಿ. ಜಾಸ್ತಿ ತಗ್ಗಿದ್ದ ಮೂಲೆಗೆ ಊದಲು ನೋಡಿ, ತೇವ ತಡೆಯುವುದರಲ್ಲಿ ಅದು ಸಾವೆಗಿಂತ ಗಟ್ಟಿ.

ಬೀಜಕ್ಕೆ ರೋಹಿಣಿ ಮಳೆಗೆ ಮುಂಚೆಯೇ ಬನ್ನಿ, ಆಮೇಲೆ ನಾವೂ ಹೊಲದಲ್ಲಿರುತ್ತೇವೆ. ನಮ್ಮಲ್ಲಿ ಬೀಜಕ್ಕೆ ದುಡ್ಡು ತಗೊಳ್ಳುವುದಿಲ್ಲ. ಒಯ್ದದ್ದಕ್ಕೆ ಸುಗ್ಗಿಯಲ್ಲಿ ಎರಡರಷ್ಟು ತಂದು ಹಾಕಬೇಕು. ಬೆಳೆ ಪೂರ್ತಿ ಹೋದರೆ ಮುಂದಿನ ವರ್ಷ ಕೊಟ್ಟರೂ ನಡೆಯುತ್ತದೆ. ಹನುಮನಮಟ್ಟಿ ಸಂಶೋಧನಾ ಕೇಂದ್ರದಲ್ಲೂ ಸಿರಿಧಾನ್ಯದ ತಳಿ ಸಿಗುತ್ತವೆ, ಆದರೆ ಮೊದಲ ವರ್ಷ ಊರ ತಳಿಯನ್ನೇ ಹಾಕಿ ನೋಡಿ ಅನ್ನುತ್ತೇನೆ ನಾನು.

ಬರುವಾಗ ಅತ್ತೆಯನ್ನು ಕರೆದುಕೊಂಡು ಬನ್ನಿ. ಬೀಜ ಕೈಯಲ್ಲಿ ಹಿಡಿದು ನೋಡಿ ಆರಿಸುವುದು ಅವರಿಗೆ ಗೊತ್ತಿರುತ್ತದೆ. ಪ್ಲಾಸ್ಟಿಕ್ ಚೀಲ ತರಬೇಡಿ, ಬಟ್ಟೆ ಚೀಲ ತನ್ನಿ.